ಮುಖಪುಟದ ಚಿತ್ರ ಬರೆದವರ ಹೆಸರೂ ಹಾಕಿ

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹೊಸ ಪುಸ್ತಕಗಳ ಮುಖಪುಟ ಅಚ್ಚಾಗುತ್ತದೆ, ಲೇಖಕರ ಹೆಸರು, ಬೆಲೆ ಎಲ್ಲಾ ಇರುತ್ತದೆ, ಚಿತ್ರ ಬರೆದವರ ಹೆಸರು ಮಾತ್ರ ಇರುವುದಿಲ್ಲ. ಯಾಕೆ?

ಅಮೆರಿಕದ ಮುಖಪುಟ ಚಿತ್ರಕಾರ ಫ್ರಾಂಕ್ ಫ್ರಜೆಟಾ ಹದಿಹರೆಯದಲ್ಲೇ ಕಾಮಿಕ್ಸ್‌ಗೆ ಚಿತ್ರ ಬರೆಯತೊಡಗಿದವರು. 1966ರಲ್ಲಿ ಅವರು ಕೊನಾನ್ ಎಂಬ ಯೋಧನ ಸಾಹಸಕಥೆಗಳ ಪೇಪರ್‌ಬ್ಯಾಕ್‌ಗೆ ಬರೆದ ಮುಖಪುಟ ನೋಡಿ: ಹೆಣಗಳ ದಿಬ್ಬದ ಮೇಲೆ ಕತ್ತಿ ಊರಿ ನಿಂತ ಯೋಧ, ಅವನ ಕಾಲು ತಬ್ಬಿದ ಹೆಣ್ಣು. ಸುಮ್ನೆ ಆ ಚಿತ್ರಕ್ಕಾಗಿಯೇ ಪುಸ್ತಕ ಕೊಳ್ಳಬೇಕು ಅನಿಸುತ್ತದೆ, ಅಲ್ವಾ? ಮೂಲಚಿತ್ರ ಪ್ರಕಾಶಕರಿಂದ ವಾಪಸ್ ಬೇಕೆಂದು ಫ್ರಜೆಟಾ ಹಟ ಹಿಡಿದರು. ಅವರ ಇನ್ನೊಂದು ಚಿತ್ರ 2019ರಲ್ಲಿ 54 ಲಕ್ಷ ಡಾಲರಿಗೆ ಹರಾಜಾಯಿತು. ಪಾರ್ಶ್ವವಾಯು ಬಡಿದು ಬಲಗೈ ಸೋತಾಗ ಎಡಗೈಲಿ ಬರೆದರು.

ನಮ್ಮ ಕಲಾವಿದರಿಗೆ ಡಾಲರ್ ಬೇಡ, ಮುಂದಿನ ವಾರದಿಂದ ಹೆಸರಾದರೂ ಹಾಕಿ.

ಒಬ್ಬ ಓದುಗ, ಶಿವಮೊಗ್ಗ