ಪುಟ್ಟಿಗೆ, ಗಂಟಲಿನ ವಿಷಯ

ಪ್ರೀತಿಯ ಪುಟ್ಟಿ,

ಕರೆದ ಕಡೆಗೆಲ್ಲ ಹೋಗಿ ಹಾಡಿ ನಿನ್ನ ಗಂಟಲು ಕಟ್ಟಿದೆ ಅಂತ ನಿಮ್ಮಮ್ಮ ಹೇಳಿದಳು. ಬೈಯೋಕೆ ಬರೆಯುತ್ತಿಲ್ಲ. ಒಪೆರಾ (ಇಡೀ ಕಥೆಯನ್ನು ರಂಗದ ಮೇಲೆ ಹಾಡಿನಲ್ಲಿ ಹೇಳುವ ಸಂಗೀತ ನಾಟಕ) ಗಾಯಕಿ ಮಿರೆಲ್ಲಾ ಫ್ರೇನಿಯ ಕಥೆ ನಿನಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಫ್ರೇನಿ 1935ರಲ್ಲಿ ಇಟಲಿಯ ಮೋದೆನಾದಲ್ಲಿ ಹುಟ್ಟಿದಳು. ಅದೇ ಊರು, ಅದೇ ವರ್ಷ ಹೆಸರಾಂತ ಒಪೆರಾ ಗಾಯಕ ಪವರೋಟಿ ಕೂಡ ಹುಟ್ಟಿದ್ದು. ಇಬ್ಬರ ತಾಯಂದಿರೂ ತಂಬಾಕು ಕಾರ್ಖಾನೆಯ ಕೆಲಸದವರು. ಫ್ರೇನಿ ಹತ್ತನೇ ವಯಸ್ಸಿಗೇ ಒಂದು ರೇಡಿಯೋ ಸ್ಪರ್ಧೆಯಲ್ಲಿ 'ಮದಾಮ ಬಟರ್‌ಫ್ಲೈ' ಒಪೆರಾದ ಹಾಡು ಹಾಡಿದಳು. ಆಗಿನ ದೊಡ್ಡ ಗಾಯಕ ಬೆನಿಯಾಮಿನೋ ಜಿಲ್ಯಿ ಏನು ಹೇಳಿದರು ಗೊತ್ತಾ? ಈಗ ಹಾಡೋದು ನಿಲ್ಲಿಸು, ಇಲ್ಲಾಂದ್ರೆ ಧ್ವನಿ ಹಾಳಾಗುತ್ತೆ ಅಂತ. ಚಪ್ಪಾಳೆಯ ರುಚಿ ಕಂಡ ಮಗುವಿಗೆ ಅದು ಎಷ್ಟು ಕಷ್ಟ, ಅಲ್ವಾ? ಆದರೂ ಅವಳು ನಿಲ್ಲಿಸಿದಳು. ಮತ್ತೆ ಶುರು ಮಾಡಿದ್ದು ಹದಿನೇಳಕ್ಕೆ. 1955ರಲ್ಲಿ ತನ್ನೂರಿನಲ್ಲೇ 'ಕಾರ್ಮೆನ್' ಒಪೆರಾದ ಮಿಕಾಯೆಲಾ ಆಗಿ ರಂಗಕ್ಕೆ ಬಂದಳು.

ಒಪೆರಾದಲ್ಲಿ ಮೈಕ್ ಇರುವುದಿಲ್ಲ. ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿನವರೆಗೆ ಧ್ವನಿ ತಲುಪಬೇಕು. ಮಾಗದ ಗಂಟಲಿಂದ ಅದನ್ನು ಮಾಡಿಸಿದರೆ ಅದು ಬಾಳುವುದಿಲ್ಲ.

ಸೋಲೂ ಬಂತು. 1964ರಲ್ಲಿ ಮಿಲಾನಿನ ಒಪೆರಾ ಮಂದಿರ ಲಾ ಸ್ಕಾಲಾದಲ್ಲಿ 'ಲಾ ತ್ರಾವಿಯಾತಾ' ಹಾಡಿದಾಗ ಜನ ಕೂಗಾಡಿ ಅವಮಾನಿಸಿದರು. ಮರುವರ್ಷವೇ ನ್ಯೂಯಾರ್ಕಿನ ಒಪೆರಾ ಮಂದಿರ ಮೆಟ್ರೋಪಾಲಿಟನ್‌ನಲ್ಲಿ 'ಲಾ ಬೊಹೆಮ್'ನ ಮಿಮಿಯಾಗಿ ಹಾಡಿದಳು. ಧ್ವನಿಗೆ ಭಾರವಾದ ಪಾತ್ರಗಳನ್ನು ಕೈಗೆತ್ತಿಕೊಂಡದ್ದು ನಿಧಾನವಾಗಿ. 'ಐದಾ'ವನ್ನು ಸಾಲ್ಜ್‌ಬರ್ಗಿನಲ್ಲಿ ಹಾಡಿದ್ದು 1979ರಲ್ಲಿ. ಕರಾಯನ್‌ನಂಥ ಹೆಸರಾಂತ ವಾದ್ಯವೃಂದ ನಿರ್ದೇಶಕ 'ತುರಾಂದೋತ್' ಒಪೆರಾದಲ್ಲಿ ಹಾಡು ಅಂದಾಗ ಒಪ್ಪಲಿಲ್ಲ. 'ಬಟರ್‌ಫ್ಲೈ'ಯನ್ನು ರೆಕಾರ್ಡಿಂಗಿನಲ್ಲಿ ಹಾಡಿದಳು, ಸಿನಿಮಾದಲ್ಲೂ ಮಾಡಿದಳು. ರಂಗದ ಮೇಲೆ ಮಾತ್ರ ಒಮ್ಮೆಯೂ ಇಲ್ಲ! ಹತ್ತು ವರ್ಷದವಳಿದ್ದಾಗ ಹಾಡಿದ್ದು ಅದನ್ನೇ ಅಂತ ನೆನೆದರೆ ನನಗೆ ಅವಳ ಮೇಲೆ ಇನ್ನೂ ಗೌರವ ಹುಟ್ಟುತ್ತದೆ.

2005ರಲ್ಲಿ ವಾಷಿಂಗ್ಟನ್‌ನಲ್ಲಿ ಕೊನೆಯ ಬಾರಿ ಹಾಡಿದಾಗ ಅವಳಿಗೆ 70. ರಂಗಕ್ಕೆ ಬಂದು 50 ವರ್ಷ.

ಗಂಟಲು ನೋಯುವಾಗ ಹಾಡಬೇಡ, ಮೊದಲು ಡಾಕ್ಟರಿಗೆ ತೋರಿಸು. ಶ್ರುತಿ ಏರಿಸು ಅಂತ ಯಾರಾದರೂ ಹೇಳಿದರೆ ನಿನ್ನ ಮೇಷ್ಟ್ರನ್ನು ಕೇಳದೆ ಒಪ್ಪಬೇಡ. ಸಂಘಟಕರಿಗೆ ಬೇಡ ಅನ್ನಲು ಸಂಕೋಚವಾದರೆ ನನ್ನ ನಂಬರ್ ಕೊಡು, ನಾನೇ ಮಾತಾಡುತ್ತೇನೆ.

ನಿನ್ನ ಸೋದರಮಾವ