ಹನ್ನೊಂದು ಸಲ ಪೋಣಿಸಿದ ದಾರ

ಇಂದಿಗೆ ಸರಿಯಾಗಿ ಒಂದು ವರ್ಷವಾಯಿತು. 26 ವರ್ಷ ಸೇದಿದವನು 365 ದಿನಗಳಿಂದ ಸಿಗರೇಟು ಮುಟ್ಟಿಲ್ಲ. ಆಸ್ಪತ್ರೆಯ ಕಥೆ ನಿಮ್ಮಲ್ಲಿ ಬಹುತೇಕರಿಗೆ ಗೊತ್ತೇ ಇದೆ. ಎಷ್ಟೋ ಜನ ಬಂದು ಹಾಸಿಗೆಯ ಪಕ್ಕ ನಿಂತು ಹೋದಿರಿ. ಅದನ್ನು ಮತ್ತೆ ಹೇಳುವುದಿಲ್ಲ. ನಿಮಗೆ ಗೊತ್ತಿಲ್ಲದ ಒಂದು ಸಂಗತಿಯಿದೆ, ಅಲ್ಲಿಂದಲೇ ಶುರು ಮಾಡಬೇಕು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಹನ್ನೆರಡನೆಯ ದಿನ ನಾನು ಮತ್ತೆ ಸಿಗರೇಟು ಹಚ್ಚಿದೆ.

ಒಂದೇ ಒಂದು ಎಂದುಕೊಂಡು ಹಚ್ಚಿದ್ದು ವಾರದೊಳಗೆ ದಿನಕ್ಕೆ ಆರಾಯಿತು. ಯಾರಿಗೂ ತಿಳಿಯದಂತೆ ಹೊರಗೆ ಹೋಗಿ ಸೇದಿ, ಬಾಯಿ ಮುಕ್ಕಳಿಸಿ, ಅಂಗಿ ಬದಲಾಯಿಸಿ ಒಳಗೆ ಬರುತ್ತಿದ್ದೆ. ಒಂದು ಸಂಜೆ ಮಗಳು ಓಡಿ ಬಂದು ಅಪ್ಪಿಕೊಂಡಳು. ಅಪ್ಪಿಕೊಂಡವಳು ಹಾಗೆಯೇ ಉಸಿರು ಬಿಗಿಹಿಡಿದು ನಿಂತಳು. ಅವಳ ಬೆನ್ನ ಮೇಲಿದ್ದ ನನ್ನ ಅಂಗೈಗೆ ಅದು ತಿಳಿಯಿತು. ಬಿಟ್ಟ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ದೀರ್ಘವಾಗಿ ಉಸಿರೆಳೆದುಕೊಂಡಳು. ಅವಳು ಏನೂ ಹೇಳಲಿಲ್ಲ. ಬಹಳ ವರ್ಷಗಳಿಂದ ಅವಳಿಗೆ ಅದು ಅಭ್ಯಾಸವಾಗಿಹೋಗಿತ್ತು ಎಂದು ನನಗೆ ಆ ಕ್ಷಣ ಹೊಳೆಯಿತು. ಅಂದಿನಿಂದ ಲೆಕ್ಕ ಹಾಕಿದರೆ ಇವತ್ತಿಗೆ ಒಂದು ವರ್ಷ.

ಮೊದಲು ಎಲ್ಲರಿಗೂ ನನ್ನ ನಮಸ್ಕಾರ. ಬೈಯದೆ, ಹೆದರಿಸದೆ, ಮತ್ತೆ ಸೇದಿದ್ದನ್ನು ಒಪ್ಪಿಕೊಂಡಾಗ ಕುರ್ಚಿ ಹತ್ತಿರಕ್ಕೆಳೆದುಕೊಂಡು ಕೂತ ವೈದ್ಯರಿಗೆ, ನಿಕೋಟಿನ್ ಗಮ್ಮನ್ನು ಹೇಗೆ ಅಗಿಯಬೇಕು, ಯಾವಾಗ ದವಡೆ ಮತ್ತು ಕೆನ್ನೆಯ ನಡುವೆ ಇಟ್ಟುಕೊಂಡು ಸುಮ್ಮನಿರಬೇಕು ಎಂದು ತಾಳ್ಮೆಯಿಂದ ಕಲಿಸಿದ ಆಪ್ತ ಸಲಹೆಗಾರ್ತಿಗೆ, ಜೊತೆಗೆ ಸೇದಲು ಕರೆಯುವುದನ್ನು ನಿಲ್ಲಿಸಿ ಜೊತೆಗೆ ನಡೆಯಲು ಕರೆದ ಕಚೇರಿಯ ಗೆಳೆಯರಿಗೆ, ತಿಂಗಳುಗಟ್ಟಲೆ ನನ್ನ ಸಿಡುಕನ್ನು ಸಹಿಸಿದ ಎಲ್ಲರಿಗೂ ನಾನು ಋಣಿ. ಹೆಂಡತಿಗೆ ಹೇಳಬೇಕಾದದ್ದನ್ನು ಅವಳಿಗೇ ಹೇಳಿದ್ದೇನೆ, ಇನ್ನೂ ಹೇಳುತ್ತಿದ್ದೇನೆ. ಅದು ಈ ಬರಹದಲ್ಲಿ ಹಿಡಿಸುವಂಥದ್ದಲ್ಲ.

ವೈದ್ಯರು ಹೇಳಿದ ಒಂದು ಮಾತನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ. "47 ವರ್ಷವಾಯಿತು, ಆಗುವುದೆಲ್ಲ ಆಗಿಹೋಗಿದೆ, ಇನ್ನು ಬಿಟ್ಟು ಏನು ಪ್ರಯೋಜನ" ಎಂದು ನಾನು ಕೇಳಿದ್ದೆ. ಅದಕ್ಕೆ ಅವರು ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ರಿಚರ್ಡ್ ಡಾಲ್ ಅವರ ಅಧ್ಯಯನದ ವಿಷಯ ತೆಗೆದರು. ಕೊನೆಯವರೆಗೂ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಆದರೆ 40ರ ಸುಮಾರಿಗೆ ಬಿಟ್ಟವರು ಅದರಲ್ಲಿ ಒಂಬತ್ತು ವರ್ಷಗಳನ್ನೂ 50ರ ಸುಮಾರಿಗೆ ಬಿಟ್ಟವರು ಆರು ವರ್ಷಗಳನ್ನೂ 60ರಲ್ಲಿ ಬಿಟ್ಟವರು ಸಹ ಮೂರು ವರ್ಷಗಳನ್ನೂ ಉಳಿಸಿಕೊಂಡಿದ್ದರು. ಆಗ ಮಗಳಿಗೆ ಹನ್ನೊಂದು ವರ್ಷ. ಆರೇಳು ವರ್ಷ ಎಂದರೆ ಅವಳ ಬದುಕಿನಲ್ಲಿ ಎಷ್ಟು ದೊಡ್ಡ ಪಾಲು ಎಂದು ಮನಸ್ಸಿನಲ್ಲೇ ಗುಣಿಸುತ್ತಾ ಮನೆಗೆ ಬಂದೆ.

ಇನ್ನು ಅತ್ತಿಗೆಯ ವಿಷಯ. ಈ ಬರಹಕ್ಕೆ ಕೂತದ್ದೇ ಅವರಿಗಾಗಿ.

ನನ್ನ ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಅವನು ಹೋಗಿ ಏಳು ವರ್ಷವಾಯಿತು. ಶ್ವಾಸಕೋಶ ಸ್ವಲ್ಪ ಸ್ವಲ್ಪವಾಗಿ ಸೋತು, ಕೊನೆಯ ಎರಡು ವರ್ಷ ಆಮ್ಲಜನಕದ ಸಿಲಿಂಡರಿನ ಪಕ್ಕದಲ್ಲೇ ಕಳೆದ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಮೂರು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಅಷ್ಟೂ ದಿನ ಅತ್ತಿಗೆ ಅವನ ಮಗ್ಗುಲಲ್ಲೇ ಇದ್ದರು. ಹೊಗೆ ಎಂದರೆ ಅವರಿಗೆ ಏನು ಎಂಬುದನ್ನು ನಾನು ಕಣ್ಣಾರೆ ಕಂಡವನು. ಹಾಗೆ ಕಂಡ ಮೇಲೂ ಆರು ವರ್ಷ ಸೇದಿದವನು.

ಬಿಟ್ಟ ಮೂರನೆಯ ದಿನ ನಿಜವಾದ ಸಂಕಟ ಶುರುವಾಯಿತು. ಹೊಗೆಯೆಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ತಲುಪುತ್ತದಂತೆ. ದಿನಕ್ಕೆ ಇಪ್ಪತ್ತು ಸಿಗರೇಟು, ಒಂದೊಂದರಲ್ಲಿ ಹತ್ತು ದಮ್ಮು ಎಂದಿಟ್ಟುಕೊಂಡರೂ 26 ವರ್ಷ ದಿನಕ್ಕೆ ಇನ್ನೂರು ಸಲ ಆ ಬಾಗಿಲು ತಟ್ಟಿ ತೆರೆಸಿದ್ದೆ. ಅದು ಮುಚ್ಚಿದಾಗ ಮೈಯೆಲ್ಲ ದಂಗೆಯೆದ್ದಿತು. ಬಿಟ್ಟವರಿಗೆ ಎರಡನೆಯ, ಮೂರನೆಯ ದಿನವೇ ಅತಿ ಕಷ್ಟದ್ದು ಎಂದು ಸಲಹೆಗಾರ್ತಿ ಮೊದಲೇ ಎಚ್ಚರಿಸಿದ್ದರು. ಗೊತ್ತಿದ್ದರೂ ತಡೆಯಲಾಗಲಿಲ್ಲ. ಗಮ್ ಅಗಿದರೂ ಕೈ ನಡುಗುತ್ತಿತ್ತು. ಆ ಸಂಜೆ ಹೆಂಡತಿಯ ಮೇಲೆ ಕೂಗಾಡಿದೆ, ಬಾಗಿಲನ್ನು ಒದ್ದೆ. ಎರಡು ರಾತ್ರಿ ನಿದ್ದೆಗೆಟ್ಟಿದ್ದ ಅವಳು ಒಳಗೆ ಹೋಗಿ ಅತ್ತಿಗೆಗೆ ಫೋನ್ ಮಾಡಿದಳು.

ಒಂಬತ್ತು ಗಂಟೆಗೆ ಅತ್ತಿಗೆ ಬಂದರು. ಕೈಯಲ್ಲಿ ಒಂದು ಚೀಲ, ಅದರಲ್ಲಿ ತಗಡಿನ ಹೊಲಿಗೆ ಡಬ್ಬಿ. ನನ್ನನ್ನು ಏನೂ ಕೇಳಲಿಲ್ಲ. ಹೆಂಡತಿಯನ್ನೂ ಮಗಳನ್ನೂ ಮಲಗಲು ಕಳಿಸಿ, ಹೊರಗಿನ ಕೋಣೆಯಲ್ಲಿ ದೀಪದ ಕೆಳಗೆ ಚಾಪೆ ಹಾಸಿಕೊಂಡು ಕೂತರು.

"ಕಿಡಿ ಬಿದ್ದು ತೂತಾದ ಬಟ್ಟೆ ಮನೆಯಲ್ಲಿ ಎಷ್ಟಿವೆಯೋ ಎಲ್ಲ ತೆಗೆದುಕೊಂಡು ಬಾ" ಎಂದರು.

ಹುಡುಕಿದೆ. ನಾಲ್ಕು ಅಂಗಿ, ಎರಡು ಹೊದಿಕೆ, ಒಂದು ಶಾಲು ಸಿಕ್ಕವು. ಎಲ್ಲಕ್ಕಿಂತ ಕೊನೆಗೆ ಕಪಾಟಿನ ತಳದಲ್ಲಿ ಮಗಳ ಮೂರು ವರ್ಷದ ಪ್ರಾಯದ ಹತ್ತಿಯ ಫ್ರಾಕು. ಮಡಿಲಲ್ಲಿ ಕೂತಿದ್ದಾಗ ಬಿದ್ದ ಕಿಡಿ ಅದು. ತೂತು ಗುಂಡುಸೂಜಿಯ ತಲೆಗಿಂತ ತುಸು ದೊಡ್ಡದು, ಸುತ್ತಲೂ ಕಂದು ಬಣ್ಣದ ಉಂಗುರ. ಬಟ್ಟೆ ದಾಟಿ ಕಿಡಿ ಒಳಗೆ ಹೋಗಿರಲಿಲ್ಲ ಎಂಬುದೊಂದೇ ಪುಣ್ಯ. ಅದನ್ನು ಅತ್ತಿಗೆಯ ಮುಂದೆ ಇಡಲು ನನಗೆ ಕೈ ಬರಲಿಲ್ಲ. ಅವರೇ ನನ್ನ ಕೈಯಿಂದ ತೆಗೆದುಕೊಂಡರು.

ಅಣ್ಣನ ಬಟ್ಟೆಗಳನ್ನು ಅವರು ವರ್ಷಗಟ್ಟಲೆ ಹೀಗೆ ರಿಪೇರಿ ಮಾಡಿದವರು. ಸುಟ್ಟ ಅಂಚನ್ನು ಸಣ್ಣ ಕತ್ತರಿಯಿಂದ ಕೂದಲೆಳೆಯಷ್ಟೇ ಕತ್ತರಿಸುವುದು. ಆಮೇಲೆ ತೂತಿನ ಮೇಲೆ ಉದ್ದಕ್ಕೆ ಎಳೆಗಳನ್ನು ಒತ್ತೊತ್ತಾಗಿ ಹಾಯಿಸುವುದು. ಅದಾದ ಮೇಲೆ ಅಡ್ಡಲಾಗಿ, ಒಂದು ಎಳೆಯ ಮೇಲೆ, ಒಂದರ ಕೆಳಗೆ, ನೇಯ್ದಂತೆ. ದಾರವನ್ನು ಜಗ್ಗಿದರೆ ಬಟ್ಟೆ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ತೂತು ಬಾಯಿ ಬಿಡುತ್ತದೆ. ಅವರ ಬೆರಳುಗಳು ಇಡೀ ರಾತ್ರಿ ಈ ಎರಡರ ನಡುವೆ ನಡೆದವು.

ಹತ್ತೂವರೆಯ ಸುಮಾರಿಗೆ ನಾನು ಧಡಕ್ಕನೆ ಎದ್ದು ಚಪ್ಪಲಿ ಹುಡುಕತೊಡಗಿದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಸೂಜಿಯನ್ನು ನನ್ನತ್ತ ಚಾಚಿದರು.

"ದಾರ ಮುಗಿಯಿತು. ಈ ಬೆಳಕಿನಲ್ಲಿ ಕಣ್ಣು ಕಾಣುವುದಿಲ್ಲ. ಇದೊಂದನ್ನು ಪೋಣಿಸಿಕೊಟ್ಟು ಹೋಗು."

ಕೂತೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಹೊಸೆದು ಸೂಜಿಯ ಕಣ್ಣಿಗೆ ಹಿಡಿದೆ. ಕೈ ನಡುಗಿ ದಾರ ಪಕ್ಕಕ್ಕೆ ಸರಿಯಿತು. ಇನ್ನೊಮ್ಮೆ ಹಿಡಿದೆ, ತುದಿ ಸೀಳಿತು. ಸೀಳಿದ್ದನ್ನು ಕತ್ತರಿಸಿ, ಮತ್ತೆ ಹೊಸೆದು, ಉಸಿರು ಬಿಗಿಹಿಡಿದು ಹಿಡಿದೆ. ಕೊನೆಗೂ ದಾರ ಕಣ್ಣು ದಾಟಿ ಆ ಕಡೆ ಬಂದಾಗ ನಾಲ್ಕೈದು ನಿಮಿಷವಾದರೂ ಆಗಿತ್ತು. ಚಪ್ಪಲಿ ಹುಡುಕಿಸಿದ್ದ ಆ ಅಲೆ ಅಷ್ಟರಲ್ಲಿ ನನ್ನ ಮೇಲೆ ಹಾದು ಹೋಗಿಬಿಟ್ಟಿತ್ತು. ಸೇದಬೇಕೆಂಬ ಸೆಳೆತ ಎಷ್ಟೇ ಜೋರಾಗಿ ಬಂದರೂ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ ಎಂದು ಸಲಹೆಗಾರ್ತಿ ಹೇಳಿದ್ದನ್ನು ನಾನು ಕಾಗದದ ಮೇಲೆ ಬರೆದುಕೊಂಡಿದ್ದೆ. ಕೈಗೆ ಗೊತ್ತಾದದ್ದು ಅಂದು.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮತ್ತೆ ದಾರ ಮುಗಿಯಿತು. ಮತ್ತೆ ಪೋಣಿಸಿದೆ. ಬೆಳಗಿನವರೆಗೆ ಹನ್ನೊಂದು ಸಲ.

ಬೆಳಗಿನ ಜಾವ ಮೂರರ ಸುಮಾರಿಗೆ, ಏಳನೆಯ ಸಲವೋ ಎಂಟನೆಯ ಸಲವೋ, ನಾನು ಅಳತೊಡಗಿದೆ. ವರ್ಷಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು. ಅಣ್ಣ ಒಮ್ಮೆ ನಲವತ್ತು ದಿನ ಸಿಗರೇಟು ಬಿಟ್ಟಿದ್ದ. ಕಾಯಿಲೆ ಇನ್ನೂ ಕೈಮೀರಿರದ ದಿನಗಳು ಅವು. ನಲವತ್ತೊಂದನೆಯ ದಿನ ಸಂಜೆ ನಾನು ಅವನ ಪಕ್ಕ ಕೂತು ಸಿಗರೇಟು ಹಚ್ಚಿದೆ. ಅವನು ನೋಡುತ್ತಿದ್ದ. ನಾನು ಪೊಟ್ಟಣವನ್ನು ಅವನತ್ತ ಸರಿಸಿದೆ. "ಒಂದರಿಂದ ಏನಾಗುತ್ತದೆ ಅಣ್ಣ" ಎಂದೆ. ಬೆಂಕಿಕಡ್ಡಿ ಗೀರಿದ್ದೂ ನಾನೇ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅಂದು ಅತ್ತಿಗೆಗೆ ಹೇಳಿದೆ.

ಅವರ ಕೈ ನಿಂತಿತು. ಸ್ವಲ್ಪ ಹೊತ್ತು ಫ್ರಾಕಿನ ಮೇಲೆ ಹಾಗೆಯೇ ಇತ್ತು.

"ಗೊತ್ತು" ಎಂದರು. "ಅವರೇ ಅಂದು ರಾತ್ರಿ ಹೇಳಿದ್ದರು. ತಮ್ಮನಿಗೆ ಬೈಯಬೇಡ, ಕೈ ಚಾಚಿದ್ದು ನಾನೇ ಎಂದಿದ್ದರು."

ಮತ್ತೆ ಮೌನ. ಆಮೇಲೆ ಕತ್ತರಿಯಿಂದ ದಾರ ತುಂಡರಿಸಿ ಸೂಜಿ ಚಾಚಿದರು. ಪೋಣಿಸಿದೆ. ಕಣ್ಣೀರಿನಲ್ಲಿ ಸೂಜಿಯ ಕಣ್ಣು ಕಾಣುತ್ತಲೇ ಇರಲಿಲ್ಲ, ಆ ಸಲ ಬಹಳ ಹೊತ್ತು ಹಿಡಿಯಿತು. ಅವರು ಅವಸರ ಮಾಡಲಿಲ್ಲ.

ನನ್ನ ಮೇಲೆ ಸಿಟ್ಟಾಗಲು ಈ ಲೋಕದಲ್ಲಿ ಯಾರಿಗಾದರೂ ಹಕ್ಕಿದ್ದರೆ ಅದು ಅವರಿಗೆ. ಅದೆಲ್ಲ ಗೊತ್ತಿದ್ದೂ ಏಳು ವರ್ಷ ನನ್ನನ್ನು ಮನೆಗೆ ಕರೆದರು, ನನ್ನ ಮಗಳ ಕೂದಲು ಬಾಚಿದರು. ನನ್ನ ಕೆಟ್ಟ ರಾತ್ರಿಯಲ್ಲಿ ಡಬ್ಬಿ ಹಿಡಿದುಕೊಂಡು ಬಂದರು. ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ನಾನು ಕೇಳಿಲ್ಲ. ಕೇಳುವ ಧೈರ್ಯವೂ ಇಲ್ಲ, ಕೇಳಿ ಅವರನ್ನು ಉತ್ತರ ಹುಡುಕುವ ಕಷ್ಟಕ್ಕೆ ದೂಡುವುದೂ ಸರಿಯಲ್ಲ.

ಬೆಳಕು ಹರಿದಾಗ ಏಳು ಬಟ್ಟೆಗಳು ಮಡಿಸಿ ಇಟ್ಟಿದ್ದವು. ಫ್ರಾಕು ಮಾತ್ರ ಅವರ ಮಡಿಲಲ್ಲಿತ್ತು. ನಾನು ಚಾಪೆಯ ಮೇಲೆಯೇ ನಿದ್ದೆ ಹೋದೆ. ನಾಲ್ಕನೆಯ ದಿನವೂ ಸುಲಭವಾಗಿರಲಿಲ್ಲ, ಮೊದಲ ತಿಂಗಳು ಯಾವ ದಿನವೂ ಸುಲಭವಾಗಿರಲಿಲ್ಲ. ಬಿಟ್ಟ ಮೇಲೆ ಕೆಮ್ಮು ಹೆಚ್ಚಾಗಿ ಹೆದರಿದ್ದೆ. ಶ್ವಾಸನಾಳದೊಳಗಿನ ರೋಮಗಳು ಮತ್ತೆ ಕೆಲಸ ಶುರು ಮಾಡಿ ಕಸ ಹೊರಹಾಕುತ್ತಿವೆ ಎಂದು ವೈದ್ಯರು ಸಮಾಧಾನ ಹೇಳಿದರು. ಜೇಬಿನಲ್ಲಿ ಒಂದು ಸೂಜಿ, ಒಂದು ದಾರದುಂಡೆ ಇಟ್ಟುಕೊಂಡು ಓಡಾಡಿದೆ. ಈಗಲೂ ಇವೆ.

ನಾಲ್ಕು ತಿಂಗಳ ನಂತರ ಅತ್ತಿಗೆಯ ಮನೆಗೆ ಹೋಗಿದ್ದೆ. ಮುಸ್ಸಂಜೆಯ ಹೊತ್ತು, ದೀಪ ಹಾಕಿರಲಿಲ್ಲ. ಅವರು ಕಿಟಕಿಯ ಬಳಿ ಕೂತು ಒಂದೇ ಸಲಕ್ಕೆ, ಸೂಜಿಯನ್ನು ನೋಡಿದರೋ ಇಲ್ಲವೋ ಎಂಬಂತೆ, ದಾರ ಪೋಣಿಸಿದರು. ಬಾಗಿಲಲ್ಲಿ ನಿಂತ ನನ್ನನ್ನು ಅವರು ಗಮನಿಸಿರಲಿಲ್ಲ. ಡಬ್ಬಿಯಿಂದ ಎಳೆದುಕೊಂಡ ದಾರ ತೋಳಿನುದ್ದ ಇತ್ತು. ಆ ರಾತ್ರಿ ನನಗೆ ಕೊಟ್ಟ ದಾರಗಳೆಲ್ಲ ಗೇಣುದ್ದದವು. ಬೇಗ ಮುಗಿಯಲಿ ಎಂದು ಅವರು ಹಾಗೆ ಕತ್ತರಿಸುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು. ಸದ್ದು ಮಾಡದೆ ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಅತ್ತಿಗೆ ಜೀವನದಲ್ಲಿ ಒಂದು ಸಿಗರೇಟನ್ನೂ ಮುಟ್ಟಿದವರಲ್ಲ. ಆದರೆ 24 ವರ್ಷ ಅಣ್ಣನ ಹೊಗೆಯಲ್ಲಿ, ನಾನು ಹೋದಾಗಲೆಲ್ಲ ನಮ್ಮಿಬ್ಬರ ಹೊಗೆಯಲ್ಲಿ ಉಸಿರಾಡಿದ್ದಾರೆ. ಸೇದುವ ಗಂಡಂದಿರ ಸೇದದ ಹೆಂಡತಿಯರಲ್ಲೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ಜಪಾನಿನ ಸಂಶೋಧಕ ಹಿರಾಯಾಮಾ 1981ರಲ್ಲೇ ತೋರಿಸಿಕೊಟ್ಟಿದ್ದರು ಎಂದು ಈ ವರ್ಷ ಓದಿದೆ. ನಾನು ಸೇದಲು ಶುರು ಮಾಡುವುದಕ್ಕೂ ಮೊದಲಿನ ಮಾತು ಅದು. ಕಿಟಕಿ ತೆರೆದಿದ್ದೇವಲ್ಲ ಎಂದುಕೊಂಡು ನಾವು ಸೇದುತ್ತಲೇ ಇದ್ದೆವು, ಅವರು ಒಳಗೂ ಹೊರಗೂ ಓಡಾಡುತ್ತಲೇ ಇದ್ದರು. ಅವರ ಉಸಿರಿನಲ್ಲಿ ಈಚೆಗೆ ಸಣ್ಣ ಸಿಳ್ಳೆಯ ಸದ್ದು ಕೇಳುತ್ತದೆ. ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಕೊಳವೆಯೊಳಗೆ ಒಂದೇ ಉಸಿರಿಗೆ ಊದುವ ಆ ಪರೀಕ್ಷೆಯಲ್ಲಿ, ಇನ್ನೂ, ಇನ್ನೂ, ಇನ್ನೂ ಎಂದು ತಂತ್ರಜ್ಞೆ ಹುರಿದುಂಬಿಸುತ್ತಿದ್ದರು. ಅತ್ತಿಗೆಯ ಮುಖ ಕೆಂಪಗಾಯಿತು, ಭುಜ ಕುಸಿಯಿತು, ಪರದೆಯ ಮೇಲಿನ ಗೆರೆ ಬೇಗನೆ ನಿಂತುಬಿಟ್ಟಿತು. ಫಲಿತಾಂಶ ಅವರ ಸ್ವಂತ ವಿಷಯ. ಔಷಧ ನಡೆಯುತ್ತಿದೆ. ಮೂರು ತಿಂಗಳಿಗೊಮ್ಮೆ ಅವರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಇದನ್ನು ಪ್ರಕಟಿಸುವ ಮೊದಲು ಅವರಿಗೆ ಓದಿ ಹೇಳಿದೆ, ಒಪ್ಪಿಗೆ ಕೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ತಮ್ಮ ಬಗ್ಗೆ ಇಷ್ಟೆಲ್ಲ ಬೇಡ ಎಂದರು, ಅದಕ್ಕೆ ನಾನು ಒಪ್ಪಲಿಲ್ಲ. ನಂತರ ಒಂದು ಮಾತು ಸೇರಿಸಲು ಹೇಳಿದರು. ಅಣ್ಣ ಸುಮ್ಮನೆ ಸೇದುತ್ತಾ ಕೂತವನಲ್ಲ, ಬಿಡಲು ನಾಲ್ಕು ಸಲ ಹೆಣಗಿದ್ದ, ಅದನ್ನು ಬರೆಯಬೇಕು ಎಂದರು. ಬರೆದಿದ್ದೇನೆ ಅತ್ತಿಗೆ. ನಾಲ್ಕು ಸಲ. ಅದರಲ್ಲಿ ಒಮ್ಮೆ ನಲವತ್ತು ದಿನ.

ಮಗಳು ಈಗ ಅಪ್ಪಿಕೊಂಡಾಗ ಉಸಿರಾಡುತ್ತಾಳೆ. ಅವಳ ಆ ಹಳೆಯ ಫ್ರಾಕು ನಿಮ್ಮ ಬಳಿಯೇ ಇರಲಿ. ಭಾನುವಾರ ನಾವು ಮೂವರೂ ಬರುತ್ತೇವೆ.