ಎಲ್‌ಇಡಿ ಬಲ್ಬು ಕೊಳ್ಳುವ ಮುನ್ನ ಗಮನಿಸಬೇಕಾದುದು

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಮನೆಯ ದೀಪಗಳನ್ನು ಬದಲಾಯಿಸುವ ಬಗ್ಗೆ ಹಲವರು ವಿಚಾರಿಸಿರುವುದರಿಂದ ಈ ಸೂಚನೆಯನ್ನು ಬರೆಯುತ್ತಿದ್ದೇನೆ. ಬೆಳಕನ್ನು ವ್ಯಾಟ್‌ನಲ್ಲಿ ಅಳೆಯುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ಬಲ್ಬು ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದನ್ನಷ್ಟೇ ವ್ಯಾಟ್ ಹೇಳುತ್ತದೆ, ಬೆಳಕಿನ ಪ್ರಮಾಣವನ್ನು ತಿಳಿಸುವುದು ಡಬ್ಬಿಯ ಮೇಲಿನ ಲ್ಯೂಮೆನ್ ಸಂಖ್ಯೆ. 60 ವ್ಯಾಟ್‌ನ ಹಳೆಯ ಬಲ್ಬು ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿಯೇ ಕೊಡುವುದರಿಂದ, ದಿನಕ್ಕೆ 5 ಗಂಟೆ ಉರಿಸಿದರೆ ತಿಂಗಳಿಗೆ 9 ಯೂನಿಟ್ ಖರ್ಚಾಗುತ್ತಿದ್ದ ಕಡೆ ಒಂದೂವರೆ ಯೂನಿಟ್‌ಗಿಂತ ಕಡಿಮೆ ಸಾಕಾಗುತ್ತದೆ.

ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್‌ನ (ಬೆಳಕಿನ ಬಣ್ಣವನ್ನು ಸೂಚಿಸುವ ಅಳತೆ) ಹಳದಿ ಛಾಯೆಯ ಬಲ್ಬನ್ನೇ ಕೇಳಿ ತನ್ನಿ. 6500 ಕೆಲ್ವಿನ್‌ನ ಅಚ್ಚ ಬಿಳಿ ಬೆಳಕು ಅಡುಗೆಮನೆಗೆ ಸರಿ. ರಾತ್ರಿ ಮಲಗುವ ಹೊತ್ತಿಗೆ ಅದು ಹಿತವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಎಲ್‌ಇಡಿ ಬೇಗ ಕೆಡಲು ಮುಖ್ಯ ಕಾರಣ ಬಿಸಿ. ಗಾಳಿಯಾಡದ ಗಾಜಿನ ಗೋಳದೊಳಗೆ ಹಾಕಿದರೆ ಬಲ್ಬಿನ ಬುಡದಲ್ಲಿರುವ ಡ್ರೈವರ್, ಅಂದರೆ ಎಲ್‌ಇಡಿಗೆ ತಕ್ಕಂತೆ ವಿದ್ಯುತ್ತನ್ನು ಹೊಂದಿಸಿಕೊಡುವ ಸರ್ಕ್ಯೂಟ್, ಕಾದು ಹಾಳಾಗುತ್ತದೆ. ಆದ್ದರಿಂದ ಮೆಟ್ಟಿಲ ಬಳಿಯ ಮುಚ್ಚಿದ ದೀಪಗಳಿಗೆ ಕಡಿಮೆ ವ್ಯಾಟ್‌ನ ಬಲ್ಬು ಹಾಕಬೇಕೆಂದು, ಕೊಳ್ಳುವಾಗ ವಿದ್ಯುತ್ ಉಳಿತಾಯದ ಮಟ್ಟವನ್ನು ತೋರಿಸುವ ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ನಕ್ಷತ್ರ ಗುರುತು ನೋಡಬೇಕೆಂದು, ಬದಲಾಯಿಸುವ ಮೊದಲು ಸ್ವಿಚ್ ಆರಿಸಬೇಕೆಂದು ಕೋರುತ್ತೇನೆ.